ಗ್ರಹಗಳ ಹೊಟ್ಟೆಯೊಳಗೆ ಏನಿದೆ, ಕಂಡವರ್ಯಾರು? ವಿಜ್ಞಾನ ಪ್ರದರ್ಶನಕ್ಕೆ ಸಲಹೆ ಬೇಕು

ಗೊರೂರು_ಮೇಷ್ಟ್ರು
ಹಾಸನ ತಾಲ್ಲೂಕಿನ ಪ್ರೌಢಶಾಲೆ, ಒಂಬತ್ತನೇ ತರಗತಿ ಮಕ್ಕಳು, ವಿಷಯ ಗ್ರಹಗಳ ಒಳರಚನೆ. ಥರ್ಮೋಕೋಲ್ ಚೆಂಡು ಕೊಯ್ದು, ಕೆಂಪು ಹಳದಿ ಬಳಿದು, ಚೀಟಿ ಅಂಟಿಸಿ ಇಡೋದು ಎಲ್ಲ ಕಡೆ ನಡೆದುಬಂದ ಪದ್ಧತಿ. ಈ ಸಲ ಅದು ಬೇಡ. ನೋಡೋಕೆ ಬಂದವರು "ಒಳಗೆ ಹೋಗಿ ನೋಡ್ಕೊಂಡು ಬಂದವರ್ಯಾರು?" ಅಂತ ಕೇಳಿಯೇ ಕೇಳ್ತಾರೆ. ಅದಕ್ಕೆ ಉತ್ತರ ಮೇಜಿನ ಮೇಲೇ ಇರಬೇಕು. ಎಂಟು ಮಕ್ಕಳು, ಎರಡು ಮೇಜು, ಒಂದು ಪ್ಲಗ್ ಪಾಯಿಂಟ್. ಖರ್ಚು ಮೂರು ಸಾವಿರದೊಳಗೆ. ಬಲ್ಲವರು ಹೇಳಿ.

ಕಪ್ಪುಕಲ್ಲು
ಮೊದಲ ಮೇಜಿನಲ್ಲಿ ಭೂಮಿಯನ್ನು ತೂಗಿ. ತಮಾಷೆಯಲ್ಲ, ಒಂದು ಲೋಲಕ ಮತ್ತು ಒಂದು ಕಲ್ಲು ಸಾಕು.

ಕಲ್ಲು ನಿಮ್ಮೂರಿನದೇ ಆಗಲಿ. ಗೊರೂರು ಸುತ್ತಿನ ನೈಸ್ ಅನ್ನೋ ಪಟ್ಟೆಪಟ್ಟೆಯ ಶಿಲೆಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಮೊದಲು ಒಣಕಲ್ಲು ತೂಗಿ: 812 ಗ್ರಾಂ ಅಂದುಕೊಳ್ಳಿ. ಆಮೇಲೆ ನೀರು ತುಂಬಿದ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗದ ಹಾಗೆ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಗ್ರಾಂ ಲೆಕ್ಕವೇ ಕಲ್ಲಿನ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. 303 ಬಂದರೆ 812ನ್ನು 303ರಿಂದ ಭಾಗಿಸಿ, ಸಾಂದ್ರತೆ 2.68. ತಪ್ಪುವುದು ಮೂರು ಕಡೆ: ಕಲ್ಲು ತಳ ಮುಟ್ಟಿದರೆ ತೂಕ ಒಮ್ಮೆಲೇ ಏರುತ್ತೆ, ಗಾಳಿಗುಳ್ಳೆ ಅಂಟಿದ್ದರೆ ಗಾತ್ರ ಹೆಚ್ಚು ಬರುತ್ತೆ, ಶಿಥಿಲವಾದ ಹಳದಿಬಣ್ಣದ ಕಲ್ಲು ನೀರು ಕುಡಿಯುತ್ತೆ. ಸುತ್ತಿಗೆಯಿಂದ ಒಡೆದ ಹೊಸ ಮುಖದ ಚೂರು ತನ್ನಿ. ಅದನ್ನು ಹಳೇಬೀಡು, ಶ್ರವಣಬೆಳಗೊಳದ ಸ್ಮಾರಕದ ಸುತ್ತಮುತ್ತ ಹೆಕ್ಕೋಕೆ ಹೋಗಬೇಡಿ. ಜಲ್ಲಿ ಕ್ರಷರ್ ಪಕ್ಕದಲ್ಲಿ ಬೇಕಾದಷ್ಟು ಬಿದ್ದಿರುತ್ತೆ.

ಈಗ ಲೋಲಕ. ತೂಗುವ ಬಿಂದುವಿನಿಂದ ಗುಂಡಿನ ನಡುಭಾಗಕ್ಕೆ ಸರಿಯಾಗಿ 1 ಮೀಟರ್. ಹತ್ತಿ ದಾರ ಹಿಗ್ಗುತ್ತೆ, ಬೈಕಿನ ಕ್ಲಚ್ ವೈರಿನ ಒಂದೇ ಎಳೆ ಬಿಡಿಸಿಕೊಳ್ಳಿ. ಕೋನ 5 ಡಿಗ್ರಿ ದಾಟಬಾರದು. 50 ತೂಗಾಟಕ್ಕೆ ಸುಮಾರು 100.46 ಸೆಕೆಂಡು ಬರಬೇಕು, ಅದರಿಂದ ಗುರುತ್ವ ವೇಗೋತ್ಕರ್ಷ 9.78. ಭೂಮಿಯ ತ್ರಿಜ್ಯ 6,371 ಕಿ.ಮೀ. ಮತ್ತು ಗುರುತ್ವ ಸ್ಥಿರಾಂಕ ಹಾಕಿದರೆ ಭೂಮಿಯ ಸರಾಸರಿ ಸಾಂದ್ರತೆ 5.49. ಪುಸ್ತಕದಲ್ಲಿ 5.51 ಇದೆ.

ಕೈಯಲ್ಲಿರೋ ಕಲ್ಲು 2.68, ಇಡೀ ಭೂಮಿ 5.5. ಅಂದ ಮೇಲೆ ಒಳಗಿರೋದು ಇದೇ ಕಲ್ಲಲ್ಲ. ಮೊದಲನೇ ಸಾಕ್ಷಿ ಸಿಕ್ಕಿತು.

ಕಂಪನಲೆಕ್ಕ
ಲೋಲಕದಲ್ಲಿ ಮಕ್ಕಳು ಮಾಡೋ ತಪ್ಪು ಒಂದೇ. ಗುಂಡು ಬಿಟ್ಟ ಕ್ಷಣವೇ "ಒಂದು" ಅಂತ ಎಣಿಸ್ತಾರೆ. ಆಗ 49 ತೂಗಾಟಕ್ಕೇ 50 ಅಂದುಕೊಂಡು ನಿಲ್ಲಿಸಿ, ಗುರುತ್ವ 10.18 ಬರುತ್ತೆ. "ಸೊನ್ನೆ" ಅಂತ ಶುರು ಮಾಡಿಸಿ.

ಮೂಡಿಗೆರೆ_ಮಳೆ
ಕಪ್ಪುಕಲ್ಲು ಸರ್, ಲೋಲಕ ಭೂಮಿಯನ್ನು ತೂಗಿತು ಅನ್ನೋದು ಅರ್ಧ ಮಾತು. ಗುರುತ್ವ ಸ್ಥಿರಾಂಕ ಗೊತ್ತಿಲ್ಲದೆ ಆ ಲೆಕ್ಕ ಮುಂದೆ ಹೋಗಲ್ಲ. ತೂಗಿದವರು ಹೆನ್ರಿ ಕ್ಯಾವೆಂಡಿಶ್, 1798ರಲ್ಲಿ. ತಲಾ 158 ಕೆ.ಜಿ.ಯ ಎರಡು ಸೀಸದ ಗುಂಡು, ತಂತಿಯಲ್ಲಿ ತೂಗಿದ ಅಡ್ಡಕೋಲಿನ ತುದಿಗಳಲ್ಲಿ ಮುಕ್ಕಾಲು ಕೆ.ಜಿ.ಯ ಎರಡು ಪುಟ್ಟ ಗುಂಡು. ಮೈಬಿಸಿಯಿಂದ ಗಾಳಿ ಅಲುಗಾಡಬಾರದು ಅಂತ ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ಅಳತೆ ಓದಿದರು. ಅವರು ಬರೆದ ಉತ್ತರ 5.48. ಕೂಡಿ ಭಾಗಿಸುವಾಗ ಒಂದು ಕಡೆ ತಪ್ಪಿತ್ತು, ಅವರ ಅಳತೆಗಳಿಂದ ಬರಬೇಕಾದದ್ದು 5.45. ಇದನ್ನು ಮಕ್ಕಳಿಗೆ ಹೇಳಿ, ಲೆಕ್ಕ ತಪ್ಪಿದವರಿಗೆ ಧೈರ್ಯ ಬರುತ್ತೆ.

ಕಪ್ಪುಕಲ್ಲು
ಒಪ್ಪಿದೆ. ಸ್ಥಿರಾಂಕದ ಚೀಟಿಯ ಕೆಳಗೆ ಕ್ಯಾವೆಂಡಿಶ್ ಹೆಸರು ಬರೆಯಲಿ.

ಇನ್ನೆರಡು ಕಲ್ಲು ಇಡಿ. ಒಂದು, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯ ಕಡುಹಸಿರು ಕಲ್ಲು. ಬೈರಾಪುರದ ಕ್ರೋಮೈಟ್ ಗಣಿ ಇರೋದು ಅದೇ ಪಟ್ಟಿಯಲ್ಲಿ. 300 ಕೋಟಿ ವರ್ಷಕ್ಕೂ ಹಿಂದೆ ಮ್ಯಾಂಟಲ್ (ಭೂಕವಚಕ್ಕೂ ಕೇಂದ್ರಗೋಳಕ್ಕೂ ನಡುವಿನ ಪದರ) ಕರಗಿ, ಸುಮಾರು 1,600 ಡಿಗ್ರಿ ಬಿಸಿಯಲ್ಲಿ ಮೇಲೆ ಬಂದ ಶಿಲಾರಸದ ಸಂತತಿ ಅದು. ಎಚ್ಚರಿಕೆ ಏನಂದ್ರೆ, ತೂಗಿ ನೋಡಿ "ಮ್ಯಾಂಟಲ್ ಸಾಂದ್ರತೆ ಇಷ್ಟು" ಅಂತ ಬರೆಯಬಾರದು. ನೀರು ಸೇರಿ ಅದು ಸರ್ಪೆಂಟೈನ್ ಅನ್ನೋ ಹಗುರ ಖನಿಜ ಆಗಿರುತ್ತೆ, 2.6ರಿಂದ 2.8 ಬರುತ್ತೆ. ಕೆಡದ ಮ್ಯಾಂಟಲ್ ಶಿಲೆ 3.3.

ಎರಡನೆಯದು ಬಾಬಾಬುಡನ್‌ಗಿರಿಯ ಕಬ್ಬಿಣದ ಪಟ್ಟೆಕಲ್ಲು, ಇದನ್ನು ಇಡೋದು ಒಂದು ತಪ್ಪು ತಿಳಿವಳಿಕೆ ತೆಗೆಯೋಕೆ. "ಭೂಮಿ ಮಧ್ಯದಲ್ಲಿ ಕಬ್ಬಿಣ ಇದೆ, ನಮ್ಮ ಬೆಟ್ಟದಲ್ಲೂ ಇದೆ, ಅಲ್ಲಿಂದಲೇ ಬಂದಿರಬೇಕು" ಅಂತಾರೆ. ಇಲ್ಲ. ಅದು ಪುರಾತನ ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಕೂತು ಆದದ್ದು. ಕೇಂದ್ರಗೋಳದ ಕಬ್ಬಿಣ 2,891 ಕಿ.ಮೀ. ಕೆಳಗೆ ಶುರುವಾಗುತ್ತೆ, ಅಲ್ಲಿಂದ ಬೆಟ್ಟಕ್ಕೆ ದಾರಿಯಿಲ್ಲ.

ಗೊರೂರು_ಮೇಷ್ಟ್ರು
ಸೊಗಸಾಯ್ತು. ಭಾರವಾದದ್ದು ಒಳಗಿದೆ ಅಂತಾಯ್ತು. ಅದು ನಟ್ಟನಡುವೆ ಗುಡ್ಡೆಯಾಗಿದೆಯೋ, ಎಲ್ಲ ಕಡೆ ಹರಡಿದೆಯೋ ಅನ್ನೋದು ಹೇಗೆ?

ಕಕ್ಷೆ74
ತಿರುಗುವ ವಸ್ತುವಿನ ಜಡತ್ವ, ಅಂದ್ರೆ ತಿರುಗಿಸೋಕೆ ಅದು ಒಡ್ಡುವ ಅಡ್ಡಿ ನೋಡಿ. ಅದನ್ನು ರಾಶಿಯಿಂದ ಮತ್ತು ತ್ರಿಜ್ಯದ ವರ್ಗದಿಂದ ಭಾಗಿಸಿದರೆ ಒಂದು ಅಂಕಿ ಬರುತ್ತೆ. ಒಳಗೂ ಹೊರಗೂ ಒಂದೇ ಸಾಂದ್ರತೆಯ ಗೋಳಕ್ಕೆ ಆ ಅಂಕಿ 0.4. ನಡುವೆ ಭಾರ ಹೆಚ್ಚಿದಷ್ಟೂ ಇಳಿಯುತ್ತೆ. ಚಂದ್ರ 0.393, ಅಂದ್ರೆ ಹೆಚ್ಚುಕಡಿಮೆ ಒಂದೇ ಸಮ, ಪುಟ್ಟ ಕೇಂದ್ರಗೋಳ. ಮಂಗಳ 0.364. ಭೂಮಿ 0.331. ಶನಿ 0.22ರ ಆಸುಪಾಸು. ಭೂಮಿಯದ್ದು ಎರಡು ಅಳತೆ ಸೇರಿಸಿ ಸಿಕ್ಕಿದ್ದು: ಒಂದು, ಸುಮಾರು 26,000 ವರ್ಷಕ್ಕೊಮ್ಮೆ ಅಕ್ಷ ಬುಗುರಿಯಂತೆ ಸುತ್ತುವ ವೇಗ; ಇನ್ನೊಂದು, ನಡು ಉಬ್ಬಿದ್ದರಿಂದ ಉಪಗ್ರಹಗಳ ಕಕ್ಷೆ ತಿರುಚಿಕೊಳ್ಳುವ ಪ್ರಮಾಣ.

ಮೇಜಿನ ಮೇಲೆ ತೋರಿಸೋದು ಹೀಗೆ. ಒಂದೇ ಅಳತೆಯ ಎರಡು ತಗಡಿನ ಡಬ್ಬ, ಎರಡಕ್ಕೂ ಅರ್ಧರ್ಧ ಕೆ.ಜಿ. ನಟ್ಟು. ಒಂದರಲ್ಲಿ ನಟ್ಟುಗಳನ್ನು ನಡುವಿನ ಕೋಲಿಗೆ ಪೋಣಿಸಿ. ಇನ್ನೊಂದರಲ್ಲಿ ಒಳಗೋಡೆಗೆ ಸುತ್ತಲೂ ಎಂ-ಸೀಲ್ ಹಾಕಿ ಅಂಟಿಸಿ. ಒಂದೂವರೆ ಮೀಟರ್ ಹಲಗೆಯನ್ನು 10 ಡಿಗ್ರಿ ಓರೆ ಮಾಡಿ ಒಟ್ಟಿಗೆ ಬಿಡಿ. ನಡುವೆ ಭಾರವಿರುವ ಡಬ್ಬ ಸುಮಾರು ಮೂರನೇ ಒಂದು ಸೆಕೆಂಡು ಮೊದಲು ತಲುಪುತ್ತೆ, ಕಣ್ಣಿಗೇ ಕಾಣುತ್ತೆ. ನಟ್ಟು ಒಂದು ಕಡೆ ಗುಂಪಾದರೆ ಡಬ್ಬ ಕುಂಟುತ್ತೆ, ಅಡ್ಡ ಹೋಗಿ ಮೇಜಿನಿಂದ ಬೀಳುತ್ತೆ. ಎಂ-ಸೀಲ್ ಒಣಗೋಕೆ ಒಂದು ರಾತ್ರಿ ಬಿಡಿ. ಎರಡು ಡಬ್ಬವನ್ನೂ ಮುಚ್ಚಿ, ಒಳಗೆ ಹೇಗಿದೆ ಅಂತ ಬಂದವರೇ ಹೇಳಲಿ. ಡಬ್ಬ ಬಿಚ್ಚದೆ ಹೇಳೋದೇ ಆಟ.

ಮೂಡಿಗೆರೆ_ಮಳೆ
ಇದರ ಜೊತೆಗೇ ಒಂದು ಬೆಂದ ಮೊಟ್ಟೆ, ಒಂದು ಹಸಿ ಮೊಟ್ಟೆ ಇಡಿ. ಎರಡನ್ನೂ ತಟ್ಟೆಯಲ್ಲಿ ತಿರುಗಿಸಿ, ಬೆರಳಿಟ್ಟು ಒಂದು ಕ್ಷಣ ನಿಲ್ಲಿಸಿ ಬಿಡಿ. ಬೆಂದದ್ದು ನಿಂತುಬಿಡುತ್ತೆ. ಹಸಿಯದ್ದು ಮತ್ತೆ ತಿರುಗುತ್ತೆ, ಒಳಗಿನ ದ್ರವ ನಿಂತಿರಲ್ಲ ನೋಡಿ.

ಬುಧ ಗ್ರಹಕ್ಕೆ ಮಾಡಿದ್ದು ಇದೇ ಪರೀಕ್ಷೆ. ಭೂಮಿಯಿಂದ ರೇಡಾರ್ ಅಲೆ ಕಳಿಸಿ ಅದರ ತಿರುಗಾಟದ ಸಣ್ಣ ಓಲಾಟ ಅಳೆದರು, 2007ರಲ್ಲಿ ಫಲಿತಾಂಶ ಬಂತು. ಓಲಾಟ ಸುಮಾರು 36 ಆರ್ಕ್‌ಸೆಕೆಂಡು (ಒಂದು ಡಿಗ್ರಿಯ 3,600ರಲ್ಲೊಂದು ಪಾಲೇ ಆರ್ಕ್‌ಸೆಕೆಂಡು). ಇಡೀ ಗ್ರಹ ಗಟ್ಟಿಯಾಗಿದ್ದರೆ ಅದರ ಅರ್ಧದಷ್ಟು ಇರಬೇಕಿತ್ತು. ಅಂದ್ರೆ ಮೇಲಿನ ಸಿಪ್ಪೆ ಮಾತ್ರ ಓಲಾಡ್ತಿದೆ, ಕೆಳಗೆ ದ್ರವ ಇದೆ. ಬುಧದ ತ್ರಿಜ್ಯ 2,440 ಕಿ.ಮೀ., ಅದರಲ್ಲಿ ಕಬ್ಬಿಣದ ಕೇಂದ್ರಗೋಳವೇ ಹತ್ತಿರ ಹತ್ತಿರ 2,000 ಕಿ.ಮೀ. ಕಲ್ಲು ಬರೀ ಹೊದಿಕೆ.

ಕಂಪನಲೆಕ್ಕ
ಇಲ್ಲಿವರೆಗೆ ಹೇಳಿದ್ದೆಲ್ಲ ಒಟ್ಟು ಲೆಕ್ಕ. ಪದರ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅಂತ ಕಿಲೋಮೀಟರಿನಲ್ಲಿ ಹೇಳೋದು ಭೂಕಂಪದ ಅಲೆ ಮಾತ್ರ.

ಪಿ ಅಲೆ ಹಿಂದೆ ಮುಂದೆ ತಳ್ಳುತ್ತಾ ಸಾಗುತ್ತೆ, ಘನ ದ್ರವ ಎರಡರಲ್ಲೂ ಹೋಗುತ್ತೆ. ಎಸ್ ಅಲೆ ಅಡ್ಡಡ್ಡ ಅಲುಗಿಸುತ್ತೆ, ದ್ರವದಲ್ಲಿ ಸಾಗಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಮ್ 1897ರ ಜೂನ್ 12ರ ಅಸ್ಸಾಂ ಭೂಕಂಪದ ದಾಖಲೆಗಳಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಿದರು. 1906ರಲ್ಲಿ ಭೂಮಿಗೊಂದು ಕೇಂದ್ರಗೋಳ ಇದೆ ಅಂತ ಅಲೆಗಳಿಂದಲೇ ತೋರಿಸಿಕೊಟ್ಟರು. 1914ರ ಹೊತ್ತಿಗೆ ಗುಟೆನ್‌ಬರ್ಗ್ ಅದರ ಆಳ ಸುಮಾರು 2,900 ಕಿ.ಮೀ. ಅಂದರು. ಇವತ್ತಿನ ಅಂಕಿಗೂ ಅದಕ್ಕೂ ವ್ಯತ್ಯಾಸ ಹತ್ತು ಕಿ.ಮೀ. ಆಸುಪಾಸು, ಆ ಕಾಲದ ಸಲಕರಣೆಗೆ ಇದು ಸಣ್ಣ ಮಾತಲ್ಲ. 1926ರಲ್ಲಿ ಜೆಫ್ರೀಸ್ ಅದು ದ್ರವ ಅಂದರು. 1936ರಲ್ಲಿ ಇಂಗೆ ಲೇಮನ್ ಆ ದ್ರವದೊಳಗೆ ಇನ್ನೊಂದು ಗೋಳ ಇದೆ ಅಂತ ತೋರಿಸಿದರು: 1929ರ ನ್ಯೂಜಿಲೆಂಡ್ ಭೂಕಂಪದ ಅಲೆಗಳು ಬರಬಾರದ ಕಡೆ ಸಣ್ಣಗೆ ಬಂದಿದ್ದವು.

ಇದನ್ನು ಹಾಸನದಿಂದಲೇ ಲೆಕ್ಕ ಹಾಕಿಸಿ. ಒಂದು ಗೋಳ ತಗೊಳ್ಳಿ, ಹಾಸನಕ್ಕೆ ಗುಂಡುಪಿನ್ನು ಚುಚ್ಚಿ, ದಾರದಿಂದ ಕೋನದ ದೂರ ಅಳೆಯಿರಿ. ಜಪಾನಿನ ಪೂರ್ವ ಕರಾವಳಿ ಸುಮಾರು 63 ಡಿಗ್ರಿ. ಅಲ್ಲಿ ಕಂಪಿಸಿದರೆ ಹತ್ತೂವರೆ ನಿಮಿಷದ ಆಸುಪಾಸಿನಲ್ಲಿ ಪಿ, ಸುಮಾರು ಎಂಟೂವರೆ ನಿಮಿಷ ಬಿಟ್ಟು ಎಸ್, ಎರಡೂ ಹಾಸನಕ್ಕೆ ಬರ್ತವೆ. ಟೋಂಗಾ 112 ಡಿಗ್ರಿ, ಕ್ಯಾಲಿಫೋರ್ನಿಯಾ 130. ಇವೆರಡೂ ನೆರಳು ವಲಯ: 104ರಿಂದ 140 ಡಿಗ್ರಿವರೆಗೆ ನೇರ ಪಿ ಇಲ್ಲ, ನೇರ ಎಸ್ ಅಂತೂ 104 ದಾಟಿದ ಮೇಲೆ ಇಲ್ಲವೇ ಇಲ್ಲ. ಚಿಲಿಯ ಸ್ಯಾಂಟಿಯಾಗೊ 143–144 ಡಿಗ್ರಿ. ಅಲ್ಲಿಂದ ಹತ್ತೊಂಬತ್ತೂವರೆ ನಿಮಿಷಕ್ಕೆ ಪಿ ಅಲೆ ಕೇಂದ್ರಗೋಳದ ಮೂಲಕವೇ ಬರುತ್ತೆ, ಅದೂ ಜೋರಾಗಿ. ಭೂತಗನ್ನಡಿ ಬಿಸಿಲನ್ನು ಒಂದೆಡೆ ಕೂಡಿಸೋ ಹಾಗೆ ಕೇಂದ್ರಗೋಳ ಅಲೆಗಳನ್ನು ಬಾಗಿಸಿ ಆ ದೂರದಲ್ಲಿ ಒಟ್ಟು ಮಾಡುತ್ತೆ. ಭೂಪಟದಲ್ಲಿ ಈ ನಾಲ್ಕು ದಾರ ಎಳೆದರೆ ಬೇರೆ ಚಿತ್ರ ಬೇಕಿಲ್ಲ.

ಗೊರೂರು_ಮೇಷ್ಟ್ರು
ಮೊಬೈಲಿನ ಸೆನ್ಸಾರಿನಲ್ಲಿ ಇದನ್ನು ಹಿಡಿಯೋಕಾಗುತ್ತಾ ಸರ್?

ಕಂಪನಲೆಕ್ಕ
ಆಗಲ್ಲ. ಜಪಾನಿನ 7ರ ತೀವ್ರತೆಯ ಭೂಕಂಪ ಇಲ್ಲಿ ನೆಲವನ್ನು ಅಲುಗಿಸೋದು ಸೆಕೆಂಡಿಗೆ ಮೈಕ್ರೋಮೀಟರ್ ಲೆಕ್ಕದಲ್ಲಿ. ಮೊಬೈಲಿನ ಸ್ವಂತ ಗದ್ದಲವೇ ಅದಕ್ಕಿಂತ ಜಾಸ್ತಿ. ಅದು ಮೇಜು ಕುಟ್ಟಿ ಗೆರೆ ತೋರಿಸೋಕೆ ಸರಿ.

ಮುಂದೆ ಯಾವಾಗಲಾದರೂ ಮಾಡೋದಾದರೆ 4.5 ಹರ್ಟ್ಸ್ ಜಿಯೋಫೋನ್ (ನೆಲದ ಅಲುಗಾಟವನ್ನು ವಿದ್ಯುತ್ತಾಗಿಸುವ ಸಾಧನ), 24 ಬಿಟ್ ಪರಿವರ್ತಕ, ಜಿಪಿಎಸ್ ಗಡಿಯಾರ ಬೇಕು. ದೂರದ ಪಿ ಅಲೆ ಸುಮಾರು 1 ಹರ್ಟ್ಸಿನದು, ಆ ಜಿಯೋಫೋನು ಅಲ್ಲಿ ಇಪ್ಪತ್ತರಲ್ಲೊಂದು ಪಾಲು ಮಾತ್ರ ಸ್ಪಂದಿಸುತ್ತೆ. ಹಾಗಾಗಿ 10 ಬಿಟ್ಟಿನ ಆರ್ಡುಯಿನೋ ಅನ್ನೋ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ನೇರವಾಗಿ ಕೊಟ್ಟರೆ ಸಪಾಟು ಗೆರೆ. ಇಡೋ ಜಾಗ ಬಂಡೆಯ ಮೇಲೆ, ಅರ್ಧ ಮೀಟರ್ ಗುಂಡಿಯಲ್ಲಿ, ಜಿಪ್ಸಮ್ ಹಾಕಿ ಕೂರಿಸಿ. ತೆಂಗಿನ ಮರದ ಬುಡ ಬೇಡ, ಗಾಳಿಗೆ ಬೇರಿನ ಸಮೇತ ನೆಲ ತೂಗುತ್ತೆ. ಪಂಪ್‌ಸೆಟ್, ಕಾಫಿ ಪಲ್ಪರ್ ಇದ್ದರೆ ನೂರು ಮೀಟರ್ ಆಚೆ. ನಿಮ್ಮ ಮೂರು ಸಾವಿರಕ್ಕೆ ಇದು ಏರಲ್ಲ. ಜಾಲದಲ್ಲಿ ಸಿಗುವ ನಿಜವಾದ ದಾಖಲೆಗಳನ್ನು ಮುದ್ರಿಸಿ ಗೋಡೆಗೆ ಹಾಕಿ. ನಮ್ಮ ರಾಜ್ಯದಲ್ಲೇ ಗೌರಿಬಿದನೂರಿನಲ್ಲಿ 1965ರಿಂದ ಎಲ್ ಆಕಾರದಲ್ಲಿ 20 ಕಂಪನಮಾಪಕಗಳ ಸಾಲು ಇದೆ ಅನ್ನೋದನ್ನೂ ಬರೆಯಿರಿ. ಪರಮಾಣು ಸ್ಫೋಟ ಪತ್ತೆಗೆ ಹಾಕಿದ್ದು, ಭೂಮಿಯ ಒಡಲಿನ ಅಲೆಗಳಿಗೂ ಅದೇ ಕಿವಿ.

ಚಿಕ್ಕಮಗಳೂರು_ಚಳಿ
ಒಂದು ಸಂದೇಹ. ಮ್ಯಾಂಟಲ್ ಅಂದ್ರೆ ಕುದಿಯೋ ಲಾವಾ ತಾನೆ? ಎಲ್ಲ ಚಿತ್ರದಲ್ಲೂ ಕೆಂಪಗೆ ಇರುತ್ತೆ.

ಕಪ್ಪುಕಲ್ಲು
ಆ ಬಣ್ಣದ್ದೇ ಎಡವಟ್ಟು. ಮ್ಯಾಂಟಲ್ ಕಲ್ಲು. ಎಸ್ ಅಲೆ ಅದರಲ್ಲಿ ಸಲೀಸಾಗಿ ಹೋಗುತ್ತೆ, ದ್ರವವಾಗಿದ್ದರೆ ಹೋಗ್ತಿರಲಿಲ್ಲ. ವರ್ಷಕ್ಕೆ ಕೆಲವು ಸೆಂಟಿಮೀಟರ್ ಹರಿಯುತ್ತೆ, ನಿಜ. ಆದರೆ ಹಾಗೆ ಹರಿಯೋಕೆ ಕರಗಬೇಕಾಗಿಲ್ಲ. ಹಳೇ ಡಾಂಬರಿನ ಗಟ್ಟಿ ನೋಡಿ, ಸುತ್ತಿಗೆಗೆ ಪುಡಿಯಾಗುತ್ತೆ, ಬಿಸಿಲಲ್ಲಿ ತಿಂಗಳುಗಟ್ಟಲೆ ಇಟ್ಟರೆ ಚಪ್ಪಟೆಯಾಗುತ್ತೆ. ಮ್ಯಾಂಟಲ್‌ಗೆ ಹಸಿರು ಬಣ್ಣ ಹಚ್ಚಿ, ಮೇಲುಭಾಗದ ಮುಖ್ಯ ಖನಿಜ ಆಲಿವೀನ್ ಹಸಿರು.

ಚಿಕ್ಕಮಗಳೂರು_ಚಳಿ
ಹಂಗಾದ್ರೆ ಇನ್ನೂ ಬಿಸಿಯಾದ ಒಳಗೋಳ ಗಟ್ಟಿ, ಅದರ ಹೊರಗಿರೋದು ದ್ರವ. ತಲೆಕೆಳಗಾಯ್ತಲ್ಲ?

ಮೂಡಿಗೆರೆ_ಮಳೆ
ಒತ್ತಡ ಹೆಚ್ಚಿದರೆ ಕರಗುವ ಬಿಸಿಯೂ ಏರುತ್ತೆ. ಕೇಂದ್ರಗೋಳದ ಮೇಲ್ಮೈಯಲ್ಲಿ ಒತ್ತಡ ಸುಮಾರು 136 ಗಿಗಾಪಾಸ್ಕಲ್, ನಟ್ಟನಡುವೆ 364, ಅಂದ್ರೆ ನಮ್ಮ ವಾಯುಭಾರದ 36 ಲಕ್ಷ ಪಟ್ಟು. ಒಳಕ್ಕೆ ಹೋದಂತೆ ಬಿಸಿ ಏರೋದು ನಿಧಾನ, ಕರಗುವ ಬಿಂದು ಏರೋದು ಬೇಗ. 1,220 ಕಿ.ಮೀ. ತ್ರಿಜ್ಯದ ಹತ್ತಿರ ಎರಡೂ ಸಮವಾಗ್ತವೆ. ಅದರೊಳಗೆ ಕಬ್ಬಿಣ ಗಟ್ಟಿ.

ಇದು ಬರೀ ಊಹೆಯಲ್ಲ. ಎರಡು ವಜ್ರದ ತುದಿಗಳ ನಡುವೆ, ಕೂದಲೆಳೆಯಷ್ಟು ಅಗಲದ ಜಾಗದಲ್ಲಿ ಕಬ್ಬಿಣದ ಚೂರಿಟ್ಟು ಒತ್ತುತ್ತಾರೆ, ವಜ್ರದ ಮೂಲಕವೇ ಲೇಸರ್ ಬಿಟ್ಟು ಕಾಯಿಸ್ತಾರೆ, ಎಕ್ಸ್‌ರೇಯಲ್ಲಿ ಕರಗಿತೇ ನೋಡ್ತಾರೆ. ವಜ್ರ ಒಡೆಯೋದು ಮಾಮೂಲು. 2013ರಲ್ಲಿ ಹೀಗೆ ಅಳೆದದ್ದನ್ನು ಒಳಗೋಳದ ಅಂಚಿನ ಒತ್ತಡಕ್ಕೆ ಮುಂದುವರಿಸಿದಾಗ ಸುಮಾರು 6,200 ಕೆಲ್ವಿನ್ ಬಂತು, 500 ಆಚೀಚೆ. ಇನ್ನೊಂದು ವಿಷಯ: ಅಲೆಗಳು ಹೇಳುವ ಸಾಂದ್ರತೆ ಶುದ್ಧ ಕಬ್ಬಿಣಕ್ಕಿಂತ ಕಡಿಮೆ. ಗಂಧಕ, ಸಿಲಿಕಾನ್, ಆಮ್ಲಜನಕದಂಥ ಹಗುರ ಧಾತು ಬೆರೆತಿದೆ. ಯಾವುದು ಎಷ್ಟು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಹಾಗಾಗಿ ಚೀಟಿಯಲ್ಲಿ "ಕಬ್ಬಿಣ-ನಿಕ್ಕಲ್ ಮತ್ತು ಹಗುರ ಧಾತುಗಳು" ಅಂತಿರಲಿ.

ಕಕ್ಷೆ74
ಹಾಸನದಲ್ಲಿದ್ದು ಸಾಲಗಾಮೆ ರಸ್ತೆಯನ್ನು ಮರೆತರೆ ಹೇಗೆ? ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಅಲ್ಲಿದೆ. ಭೂಸ್ಥಿರ ಉಪಗ್ರಹಗಳನ್ನು ಜಾಗದಲ್ಲಿ ಕೂರಿಸೋದು ಅದರ ಕೆಲಸ. ಜಾಗ ಯಾಕೆ ತಪ್ಪುತ್ತವೆ ಅಂತ ಕೇಳಿದರೆ ಉತ್ತರದ ಒಂದು ಪಾಲು ಭೂಮಿಯ ಹೊಟ್ಟೆಯಲ್ಲಿದೆ.

ಒಳಗಿನ ಭಾರ ಸಮನಾಗಿ ಹರಡಿಲ್ಲ. ಅದರಿಂದ ಸಮಭಾಜಕ ವೃತ್ತವೂ ತುಸು ಅಂಡಾಕಾರ. ಭೂಸ್ಥಿರ ಕಕ್ಷೆಯಲ್ಲಿ ಬಿಟ್ಟ ಉಪಗ್ರಹ ತನ್ನಷ್ಟಕ್ಕೆ ಹತ್ತಿರದ ಸ್ಥಿರ ಬಿಂದುವಿನ ಕಡೆ ಜಾರುತ್ತೆ. ಅಂಥ ಬಿಂದು ಎರಡು: ಪೂರ್ವ ರೇಖಾಂಶ 75 ಡಿಗ್ರಿ, ಪಶ್ಚಿಮ 105 ಡಿಗ್ರಿ. ಮೊದಲನೆಯದು ಹಾಸನದ ರೇಖಾಂಶಕ್ಕೆ ಒಂದು ಡಿಗ್ರಿ ದೂರ! ಹಾಗಾಗಿ 74 ಡಿಗ್ರಿಯ ಉಪಗ್ರಹಕ್ಕೆ ಪೂರ್ವ-ಪಶ್ಚಿಮ ತಿದ್ದುಪಡಿ ಇಲ್ಲವೆನ್ನುವಷ್ಟು ಕಡಿಮೆ. 93.5ರದ್ದು ಕೈಬಿಟ್ಟರೆ ಎರಡೇ ವಾರದಲ್ಲಿ 0.1 ಡಿಗ್ರಿ ಪಶ್ಚಿಮಕ್ಕೆ, ಅಂದ್ರೆ ಸುಮಾರು 74 ಕಿ.ಮೀ. ಸರಿಯುತ್ತೆ. ಅದನ್ನು ತಡೆಯೋಕೆ ವರ್ಷಕ್ಕೆ ಸೆಕೆಂಡಿಗೆ 1 ಮೀಟರಿನಷ್ಟು ವೇಗದ ತಿದ್ದುಪಡಿ ಬೇಕು. ಉತ್ತರ-ದಕ್ಷಿಣದ ತಿದ್ದುಪಡಿಗೆ ಬೇಕಾಗೋದು ಇದರ ಐವತ್ತು ಪಟ್ಟು, ಆದರೆ ಆ ಎಳೆತ ಸೂರ್ಯ ಚಂದ್ರರದು, ಅದನ್ನು ಭೂಮಿಯ ತಲೆಗೆ ಕಟ್ಟಬೇಡಿ.

ಚಿಕ್ಕಮಗಳೂರು_ಚಳಿ
ಚಂದ್ರಯಾನದ ಮಾಹಿತಿಯೂ ಹಾಸನಕ್ಕೇ ಬರ್ತಿತ್ತಲ್ವಾ?

ಕಕ್ಷೆ74
ಇಲ್ಲ, ಅದನ್ನು ನಡೆಸಿದ್ದು ಇಸ್ರೋದ್ದೇ ಇನ್ನೊಂದು ಕೇಂದ್ರ, ಬೆಂಗಳೂರಿನ ಇಸ್ಟ್ರಾಕ್, ದೊಡ್ಡ ಅಂಟೆನಾ ಇರೋದು ಬ್ಯಾಲಾಳಿನಲ್ಲಿ. ಆದರೆ ವಿಷಯಕ್ಕೆ ಬೇಕಾದದ್ದು ಅದರಲ್ಲಿದೆ. 2023ರ ಆಗಸ್ಟ್ 23ರಂದು ಇಳಿದ ವಿಕ್ರಮದಲ್ಲಿ ಇಲ್ಸಾ ಅನ್ನೋ ಕಂಪನಮಾಪಕ ಇತ್ತು, ಆಗಸ್ಟ್ 26ರಂದು ಸಹಜವಾದದ್ದು ಅನ್ನಿಸುವ ಒಂದು ಕಂಪನ ದಾಖಲಿಸಿತು. ಚಾಸ್ಟೆ ಅನ್ನೋ ಶೋಧಕ 10 ಸೆಂ.ಮೀ. ಮಣ್ಣಿಗೆ ಇಳಿಯಿತು, ಮೈಯಲ್ಲಿ ಹತ್ತು ಉಷ್ಣಮಾಪಕ. ಮೇಲೆ 50 ಡಿಗ್ರಿ ದಾಟಿದ್ದ ಬಿಸಿ, ಎಂಟು ಸೆಂ.ಮೀ. ಕೆಳಗೆ ಸೊನ್ನೆಗಿಂತ ಹತ್ತು ಡಿಗ್ರಿ ಕಡಿಮೆ.

ಕಂಪನಲೆಕ್ಕ
ಮಂಗಳದ್ದೂ ಸೇರಿಸಿ, ಏನೇನು ಕೈಕೊಡುತ್ತೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ. ಇನ್‌ಸೈಟ್ ನೌಕೆ 2016ರ ಮಾರ್ಚಿನಲ್ಲಿ ಹೊರಡಬೇಕಿತ್ತು. ಕಂಪನಮಾಪಕದ ನಿರ್ವಾತ ಗೋಳ ಸೋರಿತು. ಭೂಮಿ-ಮಂಗಳ ಮತ್ತೆ ಅನುಕೂಲವಾಗಿ ಬರೋವರೆಗೆ 26 ತಿಂಗಳು ಕಾದು 2018ರ ಮೇ 5ಕ್ಕೆ ಹೊರಟಿತು, ನವೆಂಬರ್ 26ಕ್ಕೆ ಇಳಿಯಿತು. ಗಾಳಿ ತಾಗದಂತೆ ಕಂಪನಮಾಪಕದ ಮೇಲೆ ಗುಮ್ಮಟ ಕವುಚಿದರು. 2022ರ ಕೊನೆವರೆಗೆ 1,300ಕ್ಕೂ ಹೆಚ್ಚು ಕಂಪನ, ಎಲ್ಲಕ್ಕಿಂತ ದೊಡ್ಡದು 2022ರ ಮೇ 4ರದು, ತೀವ್ರತೆ 4.7.

ಅದೇ ನೌಕೆಯ ಬಿಸಿ ಅಳೆಯುವ ಮೊಳೆ 5 ಮೀಟರ್ ಇಳಿಯಬೇಕಿತ್ತು, 40 ಸೆಂ.ಮೀ. ಆಚೆ ಹೋಗಲಿಲ್ಲ. ಕುಟ್ಟಿಕೊಂಡು ಇಳಿಯುವ ಮೊಳೆಗೆ ಸುತ್ತಲ ಮಣ್ಣಿನ ಹಿಡಿತ ಬೇಕು. ಅಲ್ಲಿನ ಮಣ್ಣು ಹೆಪ್ಪುಗಟ್ಟಿದ ಹಾಗಿದ್ದು ಸುತ್ತ ತೂತು ಬಿಟ್ಟುಕೊಂಡಿತು, ಮೊಳೆ ಒಳಕ್ಕೆ ಹೋಗೋ ಬದಲು ಕುಣಿದಾಡಿತು. 2021ರ ಜನವರಿಯಲ್ಲಿ ಕೈಬಿಟ್ಟರು.

ಮಂಗಳದ ಕೇಂದ್ರಗೋಳದ ತ್ರಿಜ್ಯ 2021ರಲ್ಲಿ 1,830 ಕಿ.ಮೀ. ಅಂದರು. 2023ರಲ್ಲಿ 1,650–1,675ಕ್ಕೆ ಇಳಿಸಿದರು: ಅದರ ಮೇಲೆ ಸುಮಾರು 150 ಕಿ.ಮೀ. ಕರಗಿದ ಕಲ್ಲಿನ ಪದರ ಇದೆ, ಮೊದಲು ಅದನ್ನೂ ಕೇಂದ್ರಗೋಳಕ್ಕೇ ಸೇರಿಸಿದ್ದರು. ಮಾದರಿಯಲ್ಲಿ ಆ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದು ಎರಡೂ ಇಸವಿ ಬರೆಯಿರಿ.

ಮೂಡಿಗೆರೆ_ಮಳೆ
ಗುರು, ಶನಿಗಳಲ್ಲಿ ಕಂಪನಮಾಪಕ ಇಡೋಕೆ ನೆಲವೇ ಇಲ್ಲ. ಜೂನೋ ನೌಕೆ 2016ರಿಂದ ಗುರುವನ್ನು ಸುತ್ತುತ್ತಾ ಇದೆ. ಹತ್ತಿರ ಹಾದಾಗ ಅದರ ವೇಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ರೇಡಿಯೋ ಅಲೆಯ ಕಂಪನಾಂಕ ಬದಲಾಗುತ್ತೆ, ಅದರಿಂದ ಗುರುತ್ವದ ನಕ್ಷೆ. ಗುರುವಿನ ನಡುವೆ ಗಟ್ಟಿ ಗುಂಡು ಇದೆ ಅಂದುಕೊಂಡಿದ್ದರು. ಇಲ್ಲ, ಭಾರದ ಧಾತುಗಳು ಅರ್ಧ ತ್ರಿಜ್ಯದವರೆಗೂ ಜಲಜನಕದಲ್ಲಿ ಕಲಸಿಹೋಗಿವೆ. ಅಂಚು ಎಳೆಯೋಕೆ ಬರಲ್ಲ, ಮಕ್ಕಳು ಬೆರಳಲ್ಲಿ ಬಣ್ಣ ತೀಡಿ ಮಸುಕು ಮಾಡಲಿ.

ಶನಿಗೆ ಉಂಗುರವೇ ಕಂಪನಮಾಪಕ. ಗ್ರಹದ ಒಡಲು ಗಂಟೆಯಂತೆ ಮಿಡಿದಾಗ ಗುರುತ್ವ ಅಲುಗಿ ಉಂಗುರದ ಹಿಮದ ಚೂರುಗಳಲ್ಲಿ ಸುರುಳಿ ಅಲೆ ಏಳುತ್ತೆ. ಕ್ಯಾಸಿನಿ ನೌಕೆಯ ಮಾಹಿತಿಯಲ್ಲಿ ಆ ಅಲೆ ಎಣಿಸಿ, 2021ರಲ್ಲಿ ಶನಿಯ ಮಸುಕು ಕೇಂದ್ರ ತ್ರಿಜ್ಯದ ಶೇ. 60ರವರೆಗೆ ಹರಡಿದೆ ಅಂತ ಲೆಕ್ಕ ಹಾಕಿದರು.

ಗೊರೂರು_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಭೂಮಿಯ ಮಾದರಿಯನ್ನು ಪ್ಲೈವುಡ್ಡಿನಲ್ಲಿ 1 ಮೀಟರ್ ವ್ಯಾಸದ ಅರ್ಧವೃತ್ತವಾಗಿ ಮಾಡಿಸ್ತಿದ್ದೇವೆ. ಅಳತೆ ಹೇಳಿಬಿಡಿ.

ಕಪ್ಪುಕಲ್ಲು
ಹಾಗಾದ್ರೆ 1 ಕಿ.ಮೀ.ಗೆ 0.078 ಮಿ.ಮೀ. ಒಳ ಕೇಂದ್ರಗೋಳ ತ್ರಿಜ್ಯ 9.6 ಸೆಂ.ಮೀ. ಹೊರ ಕೇಂದ್ರಗೋಳದ ಅಂಚು 27.3 ಸೆಂ.ಮೀ. ಅಲ್ಲಿಂದ ಹೊರಗೆಲ್ಲ ಮ್ಯಾಂಟಲ್. ನಮ್ಮ ಕಡೆ ಭೂಕವಚ ದಪ್ಪ, 40–50 ಕಿ.ಮೀ., ಅಂದ್ರೆ 3ರಿಂದ 4 ಮಿ.ಮೀ. ಕುಂಚದಲ್ಲಿ ಬರೆದರೆ ಅದಕ್ಕಿಂತ ದಪ್ಪ ಆಗುತ್ತೆ, ಕಪ್ಪು ಇನ್ಸುಲೇಷನ್ ಟೇಪನ್ನು ಸೀಳಿ ಅಂಟಿಸಿ. ಮನುಷ್ಯರು ಕೊರೆದ ಅತಿ ಆಳದ ತೂತು ರಷ್ಯಾದ ಕೋಲಾದಲ್ಲಿ, 12,262 ಮೀಟರ್. ತಳದಲ್ಲಿ 100 ಡಿಗ್ರಿ ಇರಬಹುದು ಅಂದುಕೊಂಡಿದ್ದರು, 180 ಬಂತು, ಕಲ್ಲು ಮೆತ್ತಗಾಗಿ ಕೊರೆದ ತೂತು ಮುಚ್ಚಿಕೊಳ್ಳತೊಡಗಿತು. ನಿಮ್ಮ ಹಲಗೆಯಲ್ಲಿ ಅದು 1 ಮಿ.ಮೀ., ಗುಂಡುಪಿನ್ನಿನ ತುದಿ ಸಾಕು. ಮುಳ್ಳಯ್ಯನಗಿರಿ 0.15 ಮಿ.ಮೀ., ಬಣ್ಣದ ಪದರದಲ್ಲೇ ಮುಚ್ಚಿಹೋಗುತ್ತೆ.

ಚಿಕ್ಕಮಗಳೂರು_ಚಳಿ
ಶುಕ್ರ ಬಿಟ್ಟುಹೋಯ್ತು.

ಕಂಪನಲೆಕ್ಕ
ಅಲ್ಲಿ ಮೇಲ್ಮೈ ಬಿಸಿ 460 ಡಿಗ್ರಿ, ಇಳಿದ ನೌಕೆಗಳು ಒಂದೆರಡು ಗಂಟೆಗಿಂತ ಹೆಚ್ಚು ಬಾಳಿಲ್ಲ. ಕೇಂದ್ರಗೋಳದ ಅಳತೆ ಅಂದಾಜು ಮಾತ್ರ. ಹಲಗೆ ಮೇಲೆ ಶುಕ್ರದ ವೃತ್ತ ಬರೆದು ಒಳಗೆ ಏನೂ ತುಂಬದೆ ಬಿಡಿ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

ಮೂಡಿಗೆರೆ_ಮಳೆ
ಮೇಷ್ಟ್ರೇ, ಮೊಟ್ಟೆ ವಿಷಯ ಇನ್ನೊಂದು. 12 ನಿಮಿಷ ಪೂರ್ತಿ ಬೇಯಿಸಿ, ಅರೆಬೆಂದದ್ದು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಬೆಂದದ್ದಕ್ಕೆ ತಳದಲ್ಲಿ ಪೆನ್ಸಿಲ್ ಗುರುತು ಹಾಕಿಡಿ. ಹಸಿಯದ್ದು ನಾಲ್ಕು ಜಾಸ್ತಿ ತನ್ನಿ, ಒಂದಲ್ಲ ಒಂದು ಮೇಜಿನಿಂದ ಬಿದ್ದೇ ಬೀಳುತ್ತೆ.